ಮೂಗಿನ ಬೋಲ್ಟು

ನಮ್ಮ ಟ್ರೇಲರಿನ ಹಿಂದೆ ಎರಡು ದೀಪಗಳಿದ್ದವು. ಅವು ಉರಿಯುತ್ತಿರಲಿಲ್ಲ. ಅವುಗಳ ಬದಲು ನಾವು ಉರಿಯುತ್ತಿದ್ದೆವು.

ಚಂದಕ್ಕೆ ಹೇಳಿದ ಮಾತಲ್ಲ ಇದು. ನಾವು ಚರಂಡಿ ಬಗೆಯುವವರು. ಬೆಳಕು ಹರಿಯುವ ಮೊದಲೇ ಹೋಗಿ ಅಂಗಡಿಬೀದಿಯ ಚರಂಡಿಗೆ ಇಳಿಯುತ್ತೇವೆ. ಸೊಂಟದವರೆಗೆ ಕಪ್ಪು ನೀರು. ಹೂಳನ್ನು ಬಾಂಡ್ಲಿಯಲ್ಲಿ ಎತ್ತಿ ಎತ್ತಿ ಟ್ರೇಲರಿಗೆ ತುಂಬುತ್ತೇವೆ. ಕತ್ತಲಾಗುವ ಹೊತ್ತಿಗೆ ಆ ಹೂಳಿನ ಮೇಲೆಯೇ ಕೂತು ವಾಪಸ್ಸು ಬರುತ್ತೇವೆ. ಟ್ರೇಲರನ್ನು ಎಳೆಯುವ ಗಾಡಿಯ ಕ್ಯಾಬಿನ್ನಿನಲ್ಲಿ ಹಿಂದಿನ ಸೀಟು ಪೂರ್ತಿ ಖಾಲಿ. ಕೊಂಡಾಗ ಅದಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಯಾರೂ ತೆಗೆದಿಲ್ಲ. ನಾವು ನಾರುತ್ತೇವಂತೆ, ಅದಕ್ಕೆ ಅದು ನಮಗಿಲ್ಲ. ಮುಂದೆ ಡ್ರೈವರು, ಅವನ ಪಕ್ಕ ಮೇಸ್ತ್ರಿ, ಹಿಂದಿನ ಸೀಟಿನಲ್ಲಿ ಮೇಸ್ತ್ರಿಯ ಊಟದ ಡಬ್ಬಿ ಮತ್ತು ಛತ್ರಿ. ಛತ್ರಿ ಉದ್ದಕ್ಕೆ ಮಲಗಿಕೊಂಡು ಹೋಗುತ್ತಿತ್ತು.

ದೀಪದ ಕೆಲಸ ಹೀಗೆ. ಟ್ರೇಲರಿನ ಹಿಂದೆ ಪಾದ ಇಡುವಷ್ಟು ಅಗಲದ ಕಬ್ಬಿಣದ ಮೆಟ್ಟಿಲೊಂದಿದೆ. ಅದರ ಮೇಲೆ ನಿಲ್ಲಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಕೆಂಪು ಗಾಜಿನ ಟಾರ್ಚು. ಡ್ರೈವರ್ ಒಂದು ಸಲ ಹಾರ್ನ್ ಹೊಡೆದರೆ ಬ್ರೇಕು, ಟಾರ್ಚನ್ನು ಮೇಲೆತ್ತಬೇಕು. ಎರಡು ಸಲ ಹೊಡೆದರೆ ಎಡಕ್ಕೆ ಬೀಸಬೇಕು, ಮೂರು ಸಲ ಹೊಡೆದರೆ ಬಲಕ್ಕೆ. ಪೇಟೆಯಲ್ಲಿ ಹಾರ್ನ್ ಹೊಡೆಯದವರು ಯಾರಿದ್ದಾರೆ? ಯಾವುದು ನಮ್ಮ ಡ್ರೈವರನದು, ಯಾವುದು ಊರಿನವರದು ಎಂದು ಯೋಚಿಸುವಷ್ಟರಲ್ಲಿ ಗಾಡಿ ತಿರುಗಿ ಆಗಿರುತ್ತಿತ್ತು.

ಇಷ್ಟಕ್ಕೂ ದೀಪ ಯಾಕೆ ಕೆಟ್ಟವು? ಒಂದು ಮೀಸೆಯಿಂದ ಕೆಟ್ಟವು.

ಊರಿನ ಚರಂಡಿಯೆಲ್ಲ ನಮ್ಮ ಯಜಮಾನರ ಗುತ್ತಿಗೆ. ಅವರು ಚರಂಡಿಯನ್ನು ಹತ್ತಿರದಿಂದ ನೋಡಿದ್ದು ಕಡಿಮೆ, ಕನ್ನಡಿಯನ್ನು ನೋಡಿದ್ದು ಜಾಸ್ತಿ. ಅವರಿಗೊಂದು ಮೀಸೆಯಿದೆ. ಮೂಗಿನ ಕೆಳಗೆ ಹುಟ್ಟಿ, ಕೆನ್ನೆಯ ಕೊನೆವರೆಗೆ ಹೋಗಿ, ಅಲ್ಲಿ ಮೇಲಕ್ಕೆ ತಿರುಗಿ ನಿಂತ ಮೀಸೆ. ಮಾತಾಡುವಾಗ ಅದನ್ನು ಸವರದೆ ಅವರಿಗೆ ಮುಂದಿನ ಮಾತು ಬರುವುದಿಲ್ಲ. ಒಂದು ದಿನ ಅವರಿಗೆ ಟ್ರೇಲರಿನ ಹಿಂದಿನ ತಗಡಿನ ಮೇಲೆ ತಮ್ಮ ಮುಖ ಬರೆಸಬೇಕು ಎನ್ನಿಸಿತು. ಊರನ್ನು ಚೊಕ್ಕ ಮಾಡುವವರು ಯಾರು ಅಂತ ಹಿಂದೆ ಬರುವವರಿಗೆಲ್ಲ ಗೊತ್ತಾಗಬೇಕಂತೆ. ಹೂಳಿನ ಮೇಲೆ ಗುಡ್ಡೆಯಾಗಿ ಕೂತ ನಾವು ಕಾಣಿಸುತ್ತಿದ್ದೆವಲ್ಲ, ಅದು ಸಾಲಲಿಲ್ಲ.

ಪೇಂಟರ್ ಬಂದ. ಆ ತಗಡಿನ ನಟ್ಟನಡುವೆ ಒಂದು ಬೋಲ್ಟಿತ್ತು. ಎಡಗಡೆಯ ದೀಪದಿಂದ ಒಂದು ಕಪ್ಪು ವಯರು, ಬಲಗಡೆಯ ದೀಪದಿಂದ ಇನ್ನೊಂದು, ಎರಡೂ ತಗಡಿನ ಮೇಲೆಯೇ ಹರಿದು ಬಂದು ಆ ಬೋಲ್ಟಿನ ಕೆಳಗೆ ಕೂಡುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ತಲೆ ಕೆರೆದುಕೊಂಡು ಹೋಗುತ್ತಿದ್ದರು. ಈ ಪೇಂಟರ್ ಮಹಾ ಕಿಲಾಡಿ. ಬೋಲ್ಟು ಬಿಚ್ಚಿ ವಯರನ್ನು ಪಕ್ಕಕ್ಕೆ ಸರಿಸಿದ. ತಗಡಿಗೆ ಒಂದರ ಮೇಲೊಂದು ಬಣ್ಣ ಬಳಿದು ಮುಖ ಬರೆದ. ಒಣಗಿದ ಮೇಲೆ ಬೋಲ್ಟನ್ನು ವಾಪಸ್ಸು ತಿರುಗಿಸಿ ಅದನ್ನೇ ಮೂಗು ಮಾಡಿದ. ಎರಡು ಕಡೆಯ ಕಪ್ಪು ವಯರನ್ನು ಬಾಗಿಸಿ, ತುದಿ ಮೇಲಕ್ಕೆ ತಿರುವಿ ಮೀಸೆ ಮಾಡಿದ. ಯಜಮಾನರು ಬಂದು ನೋಡಿದರು. ತಮ್ಮ ಮೀಸೆ ಸವರಿಕೊಂಡರು, ಆಮೇಲೆ ತಗಡಿನ ಮೀಸೆ ಸವರಿದರು. ಥೇಟ್ ನನ್ನ ಥರಾನೇ ಇದೆ ಎಂದರು. ಆ ಮುಖವನ್ನು ಯಾರೂ ಮುಟ್ಟಕೂಡದು, ದಿನಾ ಒರೆಸಲು ಬೇರೆ ಬಟ್ಟೆ ಇಡಬೇಕು ಎಂದು ಅಪ್ಪಣೆಯಾಯಿತು. ನಮಗೆ ಕೈ ತೊಳೆಯಲು ಸೋಪು ಕೇಳಿ ಕೇಳಿ ಬಾಯಿ ಒಣಗಿತ್ತು. ತಗಡಿನ ಮುಖಕ್ಕೆ ಮೆತ್ತನೆಯ ಬಟ್ಟೆ ಅದೇ ಸಂಜೆ ಬಂತು.

ಅದೇ ಸಂಜೆಯಿಂದ ದೀಪಗಳಿಗೆ ಹುಚ್ಚು ಹಿಡಿಯಿತು. ಡ್ರೈವರ್ ಎಡಕ್ಕೆ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಂಕಾಗಿ ಮಿಟುಕುತ್ತಿತ್ತು. ಬ್ರೇಕ್ ತುಳಿದರೆ ಕೆಂಪು ದೀಪ ಉರಿಯುವ ಬದಲು ಹಳದಿ ದೀಪ ಸಣ್ಣಗೆ ಕಣ್ಣು ಬಿಡುತ್ತಿತ್ತು. ಹಿಂದಿನಿಂದ ನೋಡಿದರೆ ಯಜಮಾನರು ದಾರಿಹೋಕರಿಗೆಲ್ಲ ಕಣ್ಣು ಹೊಡೆಯುತ್ತಿರುವಂತೆ ಕಾಣುತ್ತಿತ್ತು. ನಾವು ಹೂಳಿನ ಮೇಲೆ ಕೂತು ಬಿದ್ದು ಬಿದ್ದು ನಕ್ಕೆವು. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಮೇಸ್ತ್ರಿ ಅಂಗಡಿಬೀದಿಯ ಮೂಲೆಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ. ಅವನಿಗೆ ನಾವಿಟ್ಟ ಹೆಸರು ಬಲ್ಬಣ್ಣ. ಏನೇ ಕೆಟ್ಟಿರಲಿ, ಅವನು ಮೊದಲು ಬಲ್ಬ್ ಬದಲಿಸುತ್ತಾನೆ. ಸ್ವಿಚ್ಚು ಮುರಿದರೂ ಬಲ್ಬು, ಫ್ಯಾನು ನಿಂತರೂ ಬಲ್ಬು. ಈ ಸಲವೂ ಬಲ್ಬ್ ಬದಲಿಸಿದ. ಉರಿಯಲಿಲ್ಲ. ಇನ್ನೊಂದು ಸಲ ಬದಲಿಸಿದ. ಆಮೇಲೆ ಗಾಡಿಗೂ ಟ್ರೇಲರಿಗೂ ನಡುವಿನ ಪ್ಲಗ್ಗನ್ನು ಕಿತ್ತು, ಕಡ್ಡಿಗಳಿಗೆ ಹಿಡಿದಿದ್ದ ಹಸಿರು ಕಿಲುಬನ್ನು ಉಜ್ಜಿ ತೆಗೆದು ಮತ್ತೆ ಸಿಕ್ಕಿಸಿದ. ಆಗಲೂ ಇಲ್ಲ. ಕೊನೆಗೆ ಒಂದು ತುಂಡು ವಯರು ತೆಗೆದುಕೊಂಡ. ಒಂದು ತುದಿಯನ್ನು ಗಾಡಿಯ ಕಬ್ಬಿಣಕ್ಕೆ ಒತ್ತಿ ಹಿಡಿಯಲು ಡ್ರೈವರಿಗೆ ಹೇಳಿ, ಇನ್ನೊಂದು ತುದಿಯನ್ನು ಯಜಮಾನರ ಮೂಗಿನ ಕೆಳಗೆ, ಮೀಸೆ ಕೂಡುವ ಜಾಗಕ್ಕೆ ಮುಟ್ಟಿಸಿದ. ಎರಡೂ ದೀಪ ಝಗ್ಗನೆ ಹತ್ತಿದವು. ವಯರು ತೆಗೆದ, ಆರಿದವು.

“ಕರೆಂಟಿಗೆ ಹೋಗೋಕೆ ದಾರಿ ಇದೆ, ವಾಪಸ್ ಬರೋಕೆ ಇಲ್ಲ. ಬಣ್ಣ ಅಡ್ಡ ಕೂತಿದೆ,” ಎಂದ. “ಮೂಗು ಬಿಚ್ಚಿ, ಮೀಸೆ ಎತ್ತಿ, ಕೆಳಗೆ ತಗಡು ಬೆಳ್ಳಗೆ ಕಾಣೋವರೆಗೆ ಕೆರೀಬೇಕು.”

ಮೇಸ್ತ್ರಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಬೇರೆ ಕಡೆ ತೂತು ಕೊರೆದು ಬೇರೆ ವಯರು ಎಳೆಯಬಹುದೇ ಎಂದು ಕೇಳಿದ. ಎಳೆಯಬಹುದು, ಎಲ್ಲಿ ಕೊರೆಯಲಿ, ಹಣೆಗೋ ಗಲ್ಲಕ್ಕೋ ಎಂದು ಬಲ್ಬಣ್ಣ ಕೇಳಿದ. ಮುಖ ತಪ್ಪಿಸಿ ಟ್ರೇಲರಿನ ಅಡಿಯಿಂದ ಗಾಡಿಯವರೆಗೆ ಹೊಸ ವಯರು ಎಳೆಸಬೇಕೆಂದರೂ ಯಜಮಾನರನ್ನು ಕೇಳಬೇಕು. ಕೇಳಿದರೆ, ಯಾಕೆ ಎನ್ನುತ್ತಾರೆ. ನಿಮ್ಮ ಮೀಸೆಯಿಂದ ದೀಪ ಕೆಟ್ಟಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಮೇಸ್ತ್ರಿ ತುಂಬಾ ಹೊತ್ತು ಯೋಚಿಸಿದ. ಆಮೇಲೆ ನಮ್ಮ ಕಡೆ ತಿರುಗಿದ.

“ವಯರು ಯಾಕೆ? ಜನ ಇದ್ದಾರಲ್ಲ,” ಎಂದ.

ಜನ ಎಂದರೆ ನನ್ನ ಅಕ್ಕ. ಅವಳನ್ನೇ ಆರಿಸಿದ್ದು ಯಾಕೆಂದರೆ ಅವಳು ಎದುರಾಡುವುದಿಲ್ಲ. ನಮ್ಮಮ್ಮ ಹೆರುವಾಗಲೇ ಅವಳ ಪಾಲಿನ ಬಾಯನ್ನೂ ನನಗೇ ಕೊಟ್ಟುಬಿಟ್ಟಿದ್ದಳು. ಅದಕ್ಕೇ ಎಲ್ಲರೂ ನನ್ನನ್ನು ಬಾಯಿಬಡುಕಿ ಎನ್ನುತ್ತಾರೆ. ಆವತ್ತೂ ನಾನು ಕೂಗಾಡಿದೆ. ಅಕ್ಕ ನನ್ನ ಸೆರಗು ಹಿಡಿದು ಎಳೆದಳು, ಸುಮ್ಮನಿರು ಮಾರಾಯ್ತಿ, ಹೂಳಿನ ಮೇಲೆ ಕೂರುವುದಕ್ಕಿಂತ ನಿಲ್ಲುವುದೇ ವಾಸಿ ಎಂದಳು. ಟಾರ್ಚು ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

ಮಂಜು ಬಿದ್ದ ಒಂದು ಸಂಜೆ ನಮ್ಮ ಗಾಡಿ ಗಕ್ಕನೆ ನಿಂತಿತು. ಹಾರ್ನ್ ಹೊಡೆಯಲು ಡ್ರೈವರಿಗೆ ಹೊತ್ತು ಸಿಗಲಿಲ್ಲ. ಹಿಂದೆ ಬರುತ್ತಿದ್ದ ಕಾರು ನಿಲ್ಲಲಿಲ್ಲ. ಕಾರಿನ ಬಂಪರಿಗೂ ಕಬ್ಬಿಣದ ಮೆಟ್ಟಿಲಿಗೂ ನಡುವೆ ಅಕ್ಕನ ಮೊಣಕಾಲು ಸಿಕ್ಕಿಕೊಂಡಿತು. ಬಾಯಿಲ್ಲದ ನನ್ನ ಅಕ್ಕ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ನಾವು ಹೂಳಿನ ಮೇಲಿಂದ ಬಿದ್ದು ಎದ್ದು ಓಡಿದೆವು. ಮೇಸ್ತ್ರಿಯೂ ಓಡಿ ಬಂದ. ಬಂದವನು ಆ ಮೆತ್ತನೆಯ ಬಟ್ಟೆ ತೆಗೆದು ಮೊದಲು ತಗಡಿನ ಮುಖ ಒರೆಸಿದ. ಎಲ್ಲಾದರೂ ಗೀರಿದೆಯೇ ಎಂದು ಬಗ್ಗಿ ಬಗ್ಗಿ ನೋಡಿದ. ಅಕ್ಕನ ರಕ್ತ ಯಜಮಾನರ ಗಲ್ಲಕ್ಕೆ ಸಿಡಿದಿತ್ತು, ಅದನ್ನು ಒರೆಸಿದ. ಆಮೇಲೆ ಅಕ್ಕನ ಕಡೆ ನೋಡಿದ.

ಕಾಲು ಉಳಿಯಿತು. ಮೊಣಕಾಲು ಮಡಚುವುದಿಲ್ಲ. ಚರಂಡಿಗೆ ಇಳಿಯಬೇಕಾದರೆ ಮೊಣಕಾಲು ಮಡಚಬೇಕು, ಪಾಯಿಖಾನೆಗೆ ಕೂರಬೇಕಾದರೂ ಮಡಚಬೇಕು. ಟಾರ್ಚನ್ನು ಸರಿಯಾಗಿ ಹಿಡಿದಿರಲಿಲ್ಲ, ತಪ್ಪು ಅವಳದೇ ಎಂದು ಯಜಮಾನರು ತೀರ್ಮಾನ ಮಾಡಿದರು. ಆದರೂ ದೊಡ್ಡ ಮನಸ್ಸು ಮಾಡಿ ಅವಳ ಕೆಲಸವನ್ನು ಅವಳ ಮಗಳಿಗೆ ಕೊಟ್ಟರು. ಅದಕ್ಕೆ ಅಕ್ಕ ಕುಂಟುತ್ತಾ ಬಂದು ಕೈ ಮುಗಿದು ಹೋಗಬೇಕಾಯಿತು.

ಅಕ್ಕನ ಮಗಳು ಓಟಗಾರ್ತಿ. ಸ್ಕೂಲಿನಲ್ಲಿ ಓಟ ಎಂದರೆ ಮೊದಲ ಬಹುಮಾನ ಅವಳದೇ. ಕಾಲು ಉದ್ದ, ಹೆಜ್ಜೆ ಹಗುರ, ನೆಲ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ಅವಳು ಕೆಲಸಕ್ಕೆ ಬಂದ ಮೊದಲ ದಿನವೇ ಮೇಸ್ತ್ರಿ ಅವಳ ಕೈಗೆ ಅದೇ ಟಾರ್ಚು ಕೊಟ್ಟ. ಗಾಜು ಬಿರುಕು ಬಿಟ್ಟು ಅದಕ್ಕೆ ಟೇಪು ಸುತ್ತಿತ್ತು. ಅಮ್ಮನ ಕೆಲಸ ಬಂದ ಮೇಲೆ ಅಮ್ಮನ ಟಾರ್ಚೂ ಬರಬೇಕಲ್ಲ ಎಂದು ನಕ್ಕ.

ಹಿಂದಿನ ದಿನ ಅಕ್ಕ ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದೇ ಮಾತು ಹೇಳಿದ್ದಳು. “ಅವಳ ಕಾಲು ನೋಡ್ಕೋ.”

ನಾನು ಟಾರ್ಚು ಕಿತ್ತುಕೊಂಡೆ. ನಾನೇ ನಿಲ್ಲುತ್ತೇನೆ ಎಂದೆ. ಮೇಸ್ತ್ರಿಗೆ ಇಷ್ಟವಿರಲಿಲ್ಲ. ಆದರೂ ಯಾರೋ ಒಬ್ಬರು ನಿಂತರಾಯಿತು ಎಂದು ಬಿಟ್ಟ. ಅವನು ಮಾಡಿದ ತಪ್ಪು ಅದೇ.

ನಾನು ದೀಪವಾದ ಮೇಲೆ ಊರಿಗೆ ನಮ್ಮ ಟ್ರೇಲರ್ ಬರುವುದು ಗೊತ್ತಾಗದೆ ಇರುತ್ತಿರಲಿಲ್ಲ. ಟಾರ್ಚು ಬೀಸುವುದರ ಜೊತೆಗೆ ಗಂಟಲನ್ನೂ ಬೀಸತೊಡಗಿದೆ. ಎಡಕ್ಕೆ ಹೋಗ್ತೀವಿ ಕಣ್ರಪ್ಪೋ, ಬ್ರೇಕ್ ಹಾಕ್ತಾ ಇದೀವಿ, ದೂರ ನಿಲ್ಲಿ, ನಮ್ಮ ಯಜಮಾನ್ರ ಮೀಸೆಯಲ್ಲಿ ಕರೆಂಟು ಬರ್ತಿಲ್ಲ ಎಂದು ಕೂಗುತ್ತಿದ್ದೆ. ಮೊದಲೆರಡು ದಿನ ಜನ ತಿರುಗಿ ನೋಡಿದರು. ಆಮೇಲೆ ಅಂಗಡಿಯವರು ಬಾಗಿಲಿಗೆ ಬಂದು ಕಾಯತೊಡಗಿದರು. ಹೂವಿನಂಗಡಿಯ ಮುದುಕಿ, ಇವತ್ತು ಕರೆಂಟು ಬಂತೇನೇ ಎಂದು ಕೇಳುವಳು. ಇಲ್ಲಮ್ಮ, ಮೀಸೆ ಇನ್ನೂ ತಣ್ಣಗಿದೆ ಎನ್ನುತ್ತಿದ್ದೆ. ಬೀದಿಗೆ ಬೀದಿಯೇ ನಗುತ್ತಿತ್ತು. ಕ್ಯಾಬಿನ್ನಿನ ಗಾಜು ಮುಚ್ಚಿದ್ದರಿಂದ ಮೇಸ್ತ್ರಿಗೆ ಇದು ತಿಳಿಯಲು ಸ್ವಲ್ಪ ದಿನ ಹಿಡಿಯಿತು.

ತಿಳಿದ ದಿನ ಮಧ್ಯಾಹ್ನ ಅವನು ಚರಂಡಿಯ ದಡದಲ್ಲಿ ಬಂದು ನಿಂತ. ನಾನು ಒಳಗೆ ಸೊಂಟದವರೆಗೆ ಇದ್ದೆ.

“ಇವತ್ತೇ ಕೊನೆ. ನಾಳೆಯಿಂದ ಹುಡುಗಿ ನಿಲ್ತಾಳೆ,” ಎಂದ. “ದೀಪ ಮಾತಾಡಲ್ಲ ಕಣೇ.”

ಬಾಂಡ್ಲಿಯನ್ನು ಅವನ ಬೂಟಿನ ಹತ್ತಿರವೇ ಕುಕ್ಕಿದೆ. ಎರಡು ಹನಿ ಅವನ ಪ್ಯಾಂಟಿಗೆ ಹಾರಿದವು. ಅವನು ಹಾವು ಕಂಡವನಂತೆ ಹಿಂದೆ ಜಿಗಿದ. ಈ ಮೇಸ್ತ್ರಿಯೂ ಒಂದು ಕಾಲಕ್ಕೆ ನಮ್ಮ ಜೊತೆ ಇದೇ ಚರಂಡಿಯಲ್ಲಿದ್ದವನು. ಈಗ ಕುತ್ತಿಗೆಗೆ ಪೌಡರ್ ಹಾಕಿಕೊಂಡು ಬರುತ್ತಾನೆ.

ಹುಡುಗಿ ನನ್ನ ಪಕ್ಕದಲ್ಲೇ ಸಲಿಕೆ ಹಿಡಿದು ನಿಂತಿದ್ದಳು. ಕೇಳಿಸಿಕೊಂಡಳು. ಬಗ್ಗಿ ನೀರಿನೊಳಗೆ ಕೈ ಹಾಕಿ ತನ್ನ ಮೊಣಕಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಊಟದ ಹೊತ್ತಿಗೆ ಬಲ್ಬಣ್ಣನ ಅಂಗಡಿಗೆ ಹೋದೆ. ಒಳಗೆ ಕಾಲಿಡಲಿಲ್ಲ. ನಮ್ಮ ಕಾಲಿನ ಕೆಸರು ನೋಡಿದರೆ ಯಾವ ಅಂಗಡಿಯವರಿಗೂ ಮೈ ಉರಿಯುತ್ತದೆ. ಬಾಗಿಲಲ್ಲೇ ನಿಂತು, ಮೂಗು ಬಿಚ್ಚುವುದಕ್ಕೆ ಎಷ್ಟನೇ ನಂಬರಿನ ಸ್ಪ್ಯಾನರ್ ಬೇಕು ಎಂದು ಕೇಳಿದೆ. ಹದಿಮೂರು ಎಂದ. ಕೊಡಿ ಎಂದೆ. ಯಜಮಾನರ ಕೆಲಸ ತನಗೂ ಬೇಕು, ಕೊಡೋಕಾಗಲ್ಲ ಎಂದ. ಆಮೇಲೆ ಒಂದು ಸ್ಪ್ಯಾನರನ್ನೂ ಒಂದು ತುಂಡು ಉಜ್ಜುವ ಕಾಗದವನ್ನೂ ಹೊಸ್ತಿಲ ಮೇಲಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟ.

“ನಾನು ಕೊಟ್ಟಿಲ್ಲ. ನೀನು ಕದ್ದೆ,” ಎಂದ. “ಬೇಗ ಕದಿ, ಗಿರಾಕಿ ಬರ್ತಾರೆ.”

ಕದ್ದೆ. ಕುಬಸದೊಳಗೆ ಸಿಕ್ಕಿಸಿಕೊಂಡೆ.

ಸಂಜೆ ತುಂಬಿದ ಟ್ರೇಲರ್ ಹೊರಟಿತು. ಹುಡುಗಿ ಉಳಿದವರ ಜೊತೆ ಹೂಳಿನ ಮೇಲೆ ಕೂತಿದ್ದಳು. ನಾನು ಹಿಂದೆ ಮೆಟ್ಟಿಲ ಮೇಲೆ, ಯಜಮಾನರ ಬಲಗಿವಿಯ ಪಕ್ಕ. ದೊಡ್ಡ ಸರ್ಕಲ್ಲಿನಲ್ಲಿ ವಾಹನಗಳು ಜಾಮ್ ಆಗಿ ನಿಂತವು. ಇದಕ್ಕೇ ಕಾಯುತ್ತಿದ್ದೆ. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೆ. ನನ್ನ ಬಾಯಿ ಎಚ್ಚರವಿದ್ದೂ ಸುಮ್ಮನಿದ್ದದ್ದು ಅದೇ ಮೊದಲು. ಸ್ಪ್ಯಾನರ್ ತೆಗೆದು ಯಜಮಾನರ ಮೂಗಿಗೆ ಹಾಕಿದೆ.

ಹಿಂದೆ ಒಂದು ಲಾರಿ ನಿಂತಿತ್ತು. ಅದರ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಕ್ಕಾ, ಅದೇನು ಮಾಡ್ತಿದ್ದೀಯ ಎಂದು ಕೇಳಿದ. ಬಾಯಲ್ಲಿ ಟಾರ್ಚಿದ್ದರಿಂದ ಸ್ಪ್ಯಾನರನ್ನೇ ಎತ್ತಿ ತೋರಿಸಿದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಹೆಡ್‌ಲೈಟ್ ಹಾಕಿ ಬೆಳಕು ಕೊಟ್ಟ. ಪೇಂಟರ್ ಬೋಲ್ಟಿನ ಮೇಲೂ ಬಣ್ಣ ಮೆತ್ತಿದ್ದ. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮೆಟ್ಟಿಲಿಗೆ ಕಾಲು ಒತ್ತಿಕೊಟ್ಟು ಎಳೆದೆ. ದಿನವಿಡೀ ಹೂಳು ಎತ್ತಿದ ತೋಳು, ಅಲ್ಲಿ ಉಳಿದಿದ್ದ ಶಕ್ತಿಯೆಲ್ಲ ಆ ಮೂಗಿಗೆ ಹೋಯಿತು. ಕಟ್ ಎಂದು ಸದ್ದಾಯಿತು. ಮೂಗು ತಿರುಗಿತು. ಬೋಲ್ಟು ಹೊರಗೆ ಬಂತು, ಮೀಸೆ ಎರಡು ಕಡೆಯೂ ಜೋತುಬಿತ್ತು. ಲಾರಿಯವನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದ. ಅವನ ಹಿಂದಿನವರು ಇಳಿದು ಬಂದು ನೋಡತೊಡಗಿದರು.

ಉಜ್ಜುವ ಕಾಗದ ತೆಗೆದು ಮೂಗಿನ ಕೆಳಗೆ ಉಜ್ಜಿದೆ. ಎಷ್ಟು ಉಜ್ಜಿದರೂ ಯಜಮಾನರೇ. ಮೇಲೆ ಗುಲಾಬಿ ಬಣ್ಣ, ಅದರಡಿ ಹಳದಿ, ಅದರಡಿ ಬೂದಿ. ಇದು ನಮ್ಮಕ್ಕನ ಮೊಣಕಾಲಿಗೆ, ಇದು ಸೋಪಿಗೆ, ಇದು ಛತ್ರಿ ಮಲಗಿದ ಸೀಟಿಗೆ ಎಂದು ಮನಸ್ಸಿನಲ್ಲೇ ಹೇಳುತ್ತಾ ಉಜ್ಜಿದೆ. ಬೆರಳ ಚರ್ಮ ಕಿತ್ತು ಬಂತು. ಕೊನೆಗೆ ತಗಡು ಬೆಳ್ಳಗೆ ಹೊಳೆಯಿತು.

ಅಷ್ಟರಲ್ಲಿ ಗಾಡಿ ಹೊರಟುಬಿಟ್ಟಿತು. ಆ ಕುಲುಕಿಗೆ ಬೋಲ್ಟು ನನ್ನ ಕೈಯಿಂದ ಜಾರಿ ರಸ್ತೆಗೆ ಬಿತ್ತು, ಟಣಟಣ ಎನ್ನುತ್ತಾ ಲಾರಿಯ ಚಕ್ರದ ಕಡೆ ಉರುಳಿತು. ಬಾಯಲ್ಲಿ ಟಾರ್ಚು, ಕೂಗಲೂ ಆಗಲಿಲ್ಲ. ಹೂಳಿನ ಮೇಲಿಂದ ಏನೋ ಹಾರಿದ್ದು ಕಂಡಿತು. ಅಕ್ಕನ ಮಗಳು. ನೆಲಕ್ಕೆ ಬಿದ್ದವಳು ಚೆಂಡಿನ ಹಾಗೆ ಎದ್ದಳು. ಲಾರಿಯ ಮುಂದಿನಿಂದ ಬೋಲ್ಟು ಎತ್ತಿಕೊಂಡಳು, ಬೈಕು ಕಾರುಗಳ ಸಂದಿಯಲ್ಲಿ ನುಗ್ಗಿ ಓಡಿ ಬಂದಳು. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ್ದಳು. ಆ ಎರಡು ಕಾಲುಗಳನ್ನು ನೋಡಿ ನನಗೆ ಅಳು ಬಂತು. ಗಾಡಿಯ ಜೊತೆ ಜೊತೆಗೇ ಓಡುತ್ತಾ ಮೂಗನ್ನು ನನ್ನ ಕೈಗೆ ಕೊಟ್ಟು, ಟ್ರೇಲರಿನ ಅಂಚು ಹಿಡಿದು ಮೇಲಕ್ಕೆ ಹಾರಿ ಕೂತಳು. ಸರ್ಕಲ್ಲಿಗೆ ಸರ್ಕಲ್ಲೇ ಹೋ ಎಂದು ಕೂಗಿತು. ಮುಂದೆ ಮೇಸ್ತ್ರಿ, ಏನು ಗಲಾಟೆ ಎಂದು ಕೇಳಿದನಂತೆ. ಯಾರದೋ ಮದುವೆ ಇರಬೇಕು ಎಂದನಂತೆ ನಮ್ಮ ಡ್ರೈವರ್.

ವಯರಿನ ಎರಡೂ ತುದಿಗಳನ್ನು ಬೆಳ್ಳಗಾದ ಜಾಗಕ್ಕೆ ಒತ್ತಿ ಹಿಡಿದು ಬೋಲ್ಟು ಬಿಗಿದೆ. ಕೊನೆಯ ಸುತ್ತಿಗೆ ಎರಡೂ ದೀಪ ಹತ್ತಿದವು. ಮಂಕಲ್ಲ, ಮಿಟುಕಲ್ಲ, ಕೆಂಪಗೆ ಧಗಧಗ. ಮುಂದೆ ಡ್ರೈವರ್ ಬ್ರೇಕ್ ತುಳಿದ. ನನ್ನ ಸೀರೆ, ನನ್ನ ಕೆಸರು ಕೈ, ಹಿಂದಿನವರ ಮುಖ ಎಲ್ಲ ಇನ್ನಷ್ಟು ಕೆಂಪಾದವು. ಲಾರಿಯವನು ದೂರದಲ್ಲೇ ನಿಂತ. ನಾನು ಹೇಳದೆ, ಬೀಸದೆ, ಕೂಗದೆ ತಾನಾಗಿ ನಿಂತ. ನಾನು ಟಾರ್ಚನ್ನು ಆರಿಸಿದೆ.

ಒಂದು ಎಡವಟ್ಟಾಗಿತ್ತು. ಆತುರದಲ್ಲಿ ಬಿಗಿಯುವಾಗ ಮೀಸೆಯ ತುದಿಗಳು ಕೆಳಕ್ಕೆ ಬಾಗಿದ್ದವು. ಮೂಗಿನ ಕೆಳಗೆ ಬೆಳ್ಳನೆಯ ಪಟ್ಟಿ, ಅದರ ಆಚೀಚೆ ಇಳಿಬಿದ್ದ ಮೀಸೆ. ಯಜಮಾನರು ಯಾರದೋ ಕೈಯಲ್ಲಿ ಒದೆ ತಿಂದು ಬಂದ ಹಾಗೆ ಕಾಣುತ್ತಿದ್ದರು.

ಯಜಮಾನರ ಆಫೀಸಿರುವ, ಗಾಡಿ ನಿಲ್ಲಿಸುವ ಯಾರ್ಡಿಗೆ ಬಂದ ಮೇಲೆ ಮೇಸ್ತ್ರಿ ಇಳಿದು ಹಿಂದೆ ಬಂದ. ಎರಡು ದೀಪಗಳು ಝಗಝಗ ಉರಿಯುತ್ತಿದ್ದವು. ಅವನಿಗೆ ದೀಪ ಕಾಣಲಿಲ್ಲ, ಮೀಸೆ ಕಂಡಿತು. ಓಡಿ ಹೋಗಿ ಯಜಮಾನರನ್ನು ಕರೆತಂದ. ಯಜಮಾನರು ತಗಡನ್ನು ನೋಡಿದರು. ಅವರ ಕೈ ತಾನಾಗಿ ತಮ್ಮ ಮೀಸೆಗೆ ಹೋಯಿತು, ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವವರ ಹಾಗೆ. ಯಾರು ಮಾಡಿದ್ದು ಎಂದು ಕೇಳಿದರು. ನಾನು ಎಂದೆ. ದೀಪ ಹತ್ತಿದೆ ನೋಡಿ ಎಂದೂ ಹೇಳಿದೆ. ನೋಡಲಿಲ್ಲ. ಬೆಳಿಗ್ಗೆ ಪೇಂಟರ್ ಬಂದು ಎಲ್ಲ ಮೊದಲಿನಂತೆ ಮಾಡುತ್ತಾನೆ, ಹುಡುಗಿ ಟಾರ್ಚು ಹಿಡಿದು ಹಿಂದೆ ನಿಲ್ಲುತ್ತಾಳೆ, ಇಲ್ಲವಾದರೆ ಇಬ್ಬರೂ ಮನೆಯಲ್ಲಿರಬಹುದು ಎಂದರು. ಪೇಂಟರಿಗೆ ಅನುಕೂಲವಾಗಲಿ ಎಂದು ಟ್ರೇಲರನ್ನು ತಮ್ಮ ಆಫೀಸಿನ ಕಿಟಕಿಯ ಎದುರಿಗೇ ನಿಲ್ಲಿಸಲು ಹೇಳಿದರು. ಕತ್ತಲಾಗಿದೆ, ಹೂಳನ್ನು ಬೆಳಿಗ್ಗೆ ಇಳಿಸಿದರಾಯಿತು ಎಂದ ಮೇಸ್ತ್ರಿ.

ಬೆಳಿಗ್ಗೆ ನಾವೆಲ್ಲ ಹೊತ್ತಿಗೆ ಸರಿಯಾಗಿ ಬಂದೆವು. ಯಾರ್ಡಿನ ಮರದ ಕೆಳಗೆ ಸಾಲಾಗಿ ಕೂತೆವು. ಮೇಸ್ತ್ರಿ ಟಾರ್ಚು ತಂದು ಹುಡುಗಿಯ ಮುಂದೆ ಹಿಡಿದ. ಅವಳು ಅದನ್ನು ತೆಗೆದುಕೊಂಡಳು. ಹೋಗಿ ತಗಡಿನ ಮುಖದ ಕೆಳಗೆ, ಮೆಟ್ಟಿಲ ಮೇಲೆ ಇಟ್ಟು ಬಂದಳು.

“ನಾನು ಹತ್ತಲ್ಲ,” ಎಂದಳು.

ಮೇಸ್ತ್ರಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದ. ಬಾಯಿಲ್ಲದವರು, ಬಾಯಿದ್ದೂ ತೆರೆಯದವರು, ಎಲ್ಲರೂ ತಲೆ ಅಲ್ಲಾಡಿಸಿದರು. ಕೊನೆಗೆ ನನ್ನ ಹತ್ತಿರ ಬಂದ.

“ದೀಪ ಮಾತಾಡಲ್ಲ ಅಂದ್ರಲ್ಲ, ಸರಿ,” ಎಂದೆ. “ನಾವು ಮಾತಾಡ್ತೀವಿ. ಅಂದ್ಮೇಲೆ ನಾವು ದೀಪ ಅಲ್ಲ. ಯಾರೂ ಹಿಂದೆ ನಿಲ್ಲಲ್ಲ.”

ಹಾಗಾದರೆ ಹೂಳಾದರೂ ಇಳಿಸಿ ಎಂದ. ಅದೂ ಇಲ್ಲ ಎಂದೆವು. ಗಾಡಿಯನ್ನಾದರೂ ಆ ಕಡೆ ತೆಗೆ ಎಂದು ಡ್ರೈವರಿಗೆ ಹೇಳಿದ. ಡ್ರೈವರ್ ಪಾಪದವನು, ಮೇಸ್ತ್ರಿ ಕೆಮ್ಮಿದರೂ ಎದ್ದು ನಿಲ್ಲುವವನು. ಆವತ್ತು ಎದ್ದು ನಿಂತು, ಜೇಬುಗಳನ್ನೆಲ್ಲ ತಡವಿ, ಬೀಗದ ಕೈ ಕಾಣ್ತಿಲ್ಲ ಸಾರ್ ಎಂದ. ಕೀ ಅವನ ಕಿರುಬೆರಳಿನಲ್ಲಿ ನೇತಾಡುತ್ತಿತ್ತು.

ಬಿಸಿಲು ಏರಿತು. ಹೂಳು ತನ್ನ ಕೆಲಸ ಶುರು ಮಾಡಿತು. ನಮಗೆ ಅದು ದಿನದ ಗಾಳಿ. ಆಫೀಸಿನವರಿಗೆ ಹಾಗಲ್ಲ. ಮೊದಲು ಕಿಟಕಿಗಳು ಮುಚ್ಚಿದವು. ಆಮೇಲೆ ಸೆಕೆ ತಾಳಲಾರದೆ ತೆರೆದವು. ಆಮೇಲೆ ಮತ್ತೆ ಮುಚ್ಚಿದವು. ಯಜಮಾನರನ್ನು ಕಾಣಲು ಕಾರಿನಲ್ಲಿ ಬಂದವರು ಗೇಟಿನಲ್ಲೇ ಮೂಗು ಹಿಡಿದು, ಇನ್ನೊಂದು ದಿನ ಬರುತ್ತೇವೆ ಎಂದು ಹೋದರು. ಪೇಂಟರ್ ಡಬ್ಬ ಹಿಡಿದು ಬಂದವನು ಟ್ರೇಲರಿನ ಹತ್ತಿರವೂ ಸುಳಿಯಲಿಲ್ಲ. ನಮ್ಮ ಪಕ್ಕ ಬಂದು ಕೂತ. ಅಲ್ಲಿಂದಲೇ ತಾನು ಬರೆದ ಮುಖವನ್ನು ನೋಡಿ, ಈಗಲೇ ಹೆಚ್ಚು ಹೋಲುತ್ತೆ ಎಂದ.

ಯಜಮಾನರು ಕರವಸ್ತ್ರದ ಹಿಂದಿನಿಂದ ಮೇಸ್ತ್ರಿಗೆ ಅಪ್ಪಣೆ ಮಾಡಿದರು, ನೀನೇ ಇಳಿಸು ಎಂದು. ಮೇಸ್ತ್ರಿ ಅಂಗಿಯ ತೋಳು ಮಡಚಿ ಸಲಿಕೆ ಹಿಡಿದ. ಒಂದು ಕಾಲಕ್ಕೆ ಹಿಡಿದ ಕೈಯೇ ಅದು. ಆದರೆ ಪೌಡರಿಗೆ ಒಗ್ಗಿದ ಮೈ ಒಪ್ಪಬೇಕಲ್ಲ. ನಾಲ್ಕು ಸಲಿಕೆ ಎಳೆಯುವಷ್ಟರಲ್ಲಿ ಅಂಗಿ, ಪ್ಯಾಂಟು, ಬೂಟು ಎಲ್ಲ ನಮ್ಮ ಬಣ್ಣಕ್ಕೆ ಬಂತು.

“ಮೇಸ್ತ್ರಿಗಳೇ, ನಾರ್ತಿದ್ದೀರಿ,” ಎಂದಳು ಅಕ್ಕನ ಮಗಳು. “ಇನ್ನು ನಿಮ್ಮನ್ನೂ ಕ್ಯಾಬಿನ್ನಿಗೆ ಬಿಡಲ್ಲ.”

ನಾವು ನಕ್ಕೆವು. ಅವನು ನಮ್ಮನ್ನು ನೋಡಿದ, ತನ್ನ ಕೈಗಳನ್ನು ನೋಡಿದ, ಸಲಿಕೆ ಬಿಸಾಡಿ ನಲ್ಲಿ ಹುಡುಕಿಕೊಂಡು ಹೋದ. ಅಲ್ಲಿ ಸೋಪಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಫೀಸಿನ ಕಿಟಕಿ ಒಂದು ಗೇಣು ತೆರೆಯಿತು. ಅದರಲ್ಲಿ ಮೊದಲು ಮೀಸೆ ಕಾಣಿಸಿತು. ಬೆವರಿಗೆ ಅದೂ ಇಳಿಬಿದ್ದಿತ್ತು, ತಗಡಿನದಕ್ಕೂ ಅದಕ್ಕೂ ಈಗ ವ್ಯತ್ಯಾಸವಿರಲಿಲ್ಲ. ಬಣ್ಣ ಬೇಡ, ಹಾಗೇ ಇರಲಿ, ಯಾರೂ ಹಿಂದೆ ನಿಲ್ಲುವುದು ಬೇಡ, ಮೊದಲು ಇದನ್ನು ಇಲ್ಲಿಂದ ಸಾಗಿಸಿ ಎಂದರು ಯಜಮಾನರು. ಡ್ರೈವರಿಗೆ ಕೂಡಲೇ ಕೀ ಸಿಕ್ಕಿತು. ನಾವು ಎದ್ದು ಸೀರೆ ಕೊಡವಿಕೊಂಡೆವು.

ಸಂಜೆ ಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆವು. ಮಗಳು ಮೂಗಿನ ಹಿಂದೆ ಓಡಿದ್ದನ್ನು ಅಂಗಳದಲ್ಲಿ ಓಡಿ ತೋರಿಸಿದಳು. ಅಕ್ಕ ನಕ್ಕಳು. ಕಾಲು ಮುರಿದ ಮೇಲೆ ಅವಳು ಹಲ್ಲು ಬಿಟ್ಟು ನಕ್ಕಿದ್ದು ಅವತ್ತೇ. ನಕ್ಕು ನಕ್ಕು, ಮಡಚದ ಕಾಲನ್ನು ಎರಡೂ ಕೈಯಿಂದ ಎತ್ತಿ ಆ ಕಡೆ ಇಟ್ಟುಕೊಂಡಳು. ಆಮೇಲೆ ನಗು ನಿಂತಿತು.

“ನನ್ನ ಕಾಲು ಹೋದಾಗ ಒಬ್ಬರೂ ಕಿಟಕಿ ತೆಗೀಲಿಲ್ಲ,” ಎಂದಳು.

ಈಗ ನಮ್ಮ ಟ್ರೇಲರಿನ ದೀಪಗಳು ಉರಿಯುತ್ತವೆ. ಹಿಂದಿನ ಮೆಟ್ಟಿಲ ಮೇಲೆ ಯಾರೂ ಇಲ್ಲ. ಬ್ರೇಕ್ ಹಾಕಿದಾಗ ಯಜಮಾನರ ಜೋಲುಮುಖ ಕೆಂಪಗಾಗುತ್ತದೆ, ಹೂವಿನಂಗಡಿಯ ಮುದುಕಿ ಕರೆಂಟು ಬಂತಲ್ಲೇ ಎಂದು ಕೈ ಬೀಸುತ್ತಾಳೆ. ನಾವು ಇನ್ನೂ ಹೂಳಿನ ಮೇಲೆಯೇ ಕೂತು ಬರುತ್ತೇವೆ. ಛತ್ರಿ ಇನ್ನೂ ಸೀಟಿನ ಮೇಲೆ ಮಲಗಿ ಬರುತ್ತದೆ.

ಮೊನ್ನೆ ಗಾಡಿ ತೊಳೆಯುವಾಗ ಕ್ಯಾಬಿನ್ನಿನಲ್ಲಿ ಹಿಂದಿನ ಸೀಟಿನ ಬಾಗಿಲನ್ನು ಹತ್ತಿರದಿಂದ ನೋಡಿದೆ. ಅದರ ಕೀಲುಗಳಿಗೆ ಹಾಕಿರುವುದೂ ಹದಿಮೂರನೇ ನಂಬರಿನ ಬೋಲ್ಟೇ. ಬಲ್ಬಣ್ಣ ಎರಡು ಸಲ ಕೇಳಿದ. ಸ್ಪ್ಯಾನರನ್ನು ನಾನಿನ್ನೂ ವಾಪಸ್ಸು ಕೊಟ್ಟಿಲ್ಲ.